ಎಂಟನೆಯ ಸುತ್ತು

ಗುಂಡುಸೂಜಿ ಬೇಕಾದವನು ಗುಂಡುಸೂಜಿಯನ್ನಷ್ಟೇ ಹುಡುಕಬೇಕು. ಇಡೀ ಡಬ್ಬವನ್ನು ಬೋರಲು ಹಾಕಬಾರದು. ಈ ಸರಳ ನಿಯಮವನ್ನು ಮೀರಿದ್ದರಿಂದ ಕಳೆದ ಭಾನುವಾರ ನಾನು ಹೆಂಡತಿಯ ಮುಂದೆ ಒಂದು ಸುಳ್ಳು ಹೇಳಬೇಕಾಯಿತು.

ಡಬ್ಬವೆಂದರೆ ನನ್ನ ಪ್ರೌಢಶಾಲೆಯ ಜಾಮಿಟ್ರಿ ಡಬ್ಬ. ಅದರೊಳಗಿನ ಕೈವಾರ ಒಂದು ಕಾಲನ್ನು ಕಳೆದುಕೊಂಡು ವರ್ಷಗಳಾದವು. ಕೋನಮಾಪಕ ಅರ್ಧ ಮುರಿದು, ಈಗ ತೊಂಬತ್ತು ಡಿಗ್ರಿಯವರೆಗಿನ ಸಂಗತಿಗಳಿಗೆ ಮಾತ್ರ ಒದಗುತ್ತದೆ. ಆದರೂ ಗೌರಿಬಿದನೂರಿನ ನಮ್ಮ ಬಾಡಿಗೆ ಮನೆಯ ಮೇಜಿನ ಮೇಲೆ ಅದಕ್ಕೊಂದು ಖಾಯಂ ಸ್ಥಾನವಿದೆ. ನಾನು ಅದನ್ನು ಬೋರಲು ಹಾಕಿದಾಗ ಗುಂಡುಸೂಜಿಗಳ ಜೊತೆಗೆ ತೊಗರಿಕಾಳಿನ ಗಾತ್ರದ ಒಂದು ಲೋಹದ ಸುರುಳಿ ಉರುಳಿ ಬಂದು, ಹೆಂಡತಿ ಬಿಡಿಸುತ್ತಿದ್ದ ಅವರೆಕಾಯಿಯ ತಟ್ಟೆಗೆ ಬಿತ್ತು.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ, ಇದೇನೆಂದು ಕೇಳಿದಳು. ಪೆನ್ನಿನ ಸ್ಪ್ರಿಂಗ್ ಎಂದೆ.

“ಇಷ್ಟು ಗಿಡ್ಡ ಪೆನ್ನು ಯಾರು ಮಾಡ್ತಾರ್ರೀ?”

“ಮೊದಲು ಮಾಡ್ತಿದ್ರು.”

ಅವಳು ನಂಬಲಿಲ್ಲ; ಆದರೆ ಅವರೆಕಾಯಿ ಬಹಳವಿದ್ದುದರಿಂದ ವಿಚಾರಣೆಯನ್ನು ಮುಂದೂಡಿದಳು. ನಾನು ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಸುತ್ತುಗಳನ್ನು ಎಣಿಸಿದೆ. ಎಂಟು. ಅನುಮಾನ ಬೇಡವೆಂದು ಮತ್ತೊಮ್ಮೆ ಎಣಿಸಿದೆ. ಎಂಟೇ. ಆಮೇಲೆ ಒಬ್ಬನೇ ನಕ್ಕೆ.

ಮುಂದುವರಿಯುವ ಮುನ್ನ ಒಂದು ಸ್ಪಷ್ಟೀಕರಣ ನೀಡುವುದು ನನ್ನ ಕರ್ತವ್ಯ. ಇದು ವೇಪ್ ಎಂಬ ವಿದ್ಯುತ್ ಸಿಗರೇಟಿನೊಳಗೆ ಹಾಕುವ ಕಾಯಿಲ್. ಬ್ಯಾಟರಿಯಿಂದ ಈ ಸುರುಳಿ ಕಾಯುತ್ತದೆ, ಅದರೊಳಗಿನ ಹತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ, ಆ ಆವಿಯನ್ನು ಮನುಷ್ಯ ಎಳೆದುಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ಇಂಥ ಸಾಧನಗಳ ಮಾರಾಟವನ್ನು ಕಾನೂನು ನಿಷೇಧಿಸಿದೆ. ನಾನು ಹೇಳಹೊರಟಿರುವುದು ಆ ಕಾನೂನು ಬರುವುದಕ್ಕೆ ಮುಂಚಿನ ಸಂಗತಿ. ಓದುಗರಲ್ಲಿ ನನ್ನ ಮೇಲಧಿಕಾರಿಗಳು ಯಾರಾದರೂ ಇದ್ದರೆ ಈ ಅಂಶವನ್ನು ದಯವಿಟ್ಟು ಗಮನಿಸಬೇಕಾಗಿ ವಿನಂತಿ. ಸಾಧನವನ್ನು ನಾನು ಅದರ ಮಾಲೀಕನಿಗೆ ಎಂದೋ ಹಿಂದಿರುಗಿಸಿದ್ದೇನೆ. ಅವನು ಅದನ್ನೇನು ಮಾಡಿದನೆಂದು ಕೇಳಿಲ್ಲ. ಕೇಳದಿರುವುದೂ ಒಂದು ಬಗೆಯ ಕಾನೂನುಪಾಲನೆಯೆಂದು ನಂಬಿದ್ದೇನೆ.

ಹೀಗೆ ಎಲ್ಲಕ್ಕೂ ವಿವರಣೆ ಕೊಡುವುದು ನನಗೆ ಅಂಟಿದ ಜಾಡ್ಯ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಚಿಕ್ಕಬಳ್ಳಾಪುರದ ಕಾಲೇಜಿನಿಂದ ಬಿ.ಎಸ್ಸಿ. ಮುಗಿಸಿ ಬಂದ ದಿನದಿಂದ ಊರಿನ ಸಮಸ್ತ ಚೀಟಿಗಳೂ ನನ್ನ ಮುಂದೆ ಬರತೊಡಗಿದವು. ಔಷಧದ ಬಾಟಲಿ, ಗೊಬ್ಬರದ ಚೀಲ, ಕರೆಂಟ್ ಬಿಲ್ಲು, ಒಮ್ಮೆ ಯಾರದೋ ಹಸುವಿನ ಕಿವಿಗೆ ಹಾಕಿದ್ದ ಹಳದಿ ಬಿಲ್ಲೆ. ‘ಗೊತ್ತಿಲ್ಲ’ ಎನ್ನುವ ಹಕ್ಕು ಪದವಿಯ ಜೊತೆಯಲ್ಲಿಯೇ ರದ್ದಾಗಿತ್ತು. ತಪ್ಪು ಮಾತಾಡಿ ಸಿಕ್ಕಿಬೀಳುವ ಭಯದಿಂದ ನಾನು ಸರಿಯಾದ ಮಾತುಗಳನ್ನು ಮಾತ್ರ ಆರಿಸಿ ಆಡುವುದನ್ನು ರೂಢಿಸಿಕೊಂಡೆ. ಬಸ್ ಕಂಡಕ್ಟರಿಗೆ “ದಯವಿಟ್ಟು ಒಂದು ಚೀಟಿ ನೀಡಬೇಕು” ಎಂದು ಕೇಳಿ, ಬಸ್ಸಿಗೆ ಬಸ್ಸೇ ತಿರುಗಿ ನೋಡಿದ್ದುಂಟು. ಸರಿಯಾದ ಮಾತಿಗೂ ನಿಜವಾದ ಮಾತಿಗೂ ನಡುವೆ ಒಂದು ಸಂದು ಇದೆ. ಮನುಷ್ಯ ಅದರಲ್ಲಿ ಅವಿತುಕೊಳ್ಳಬಹುದು. ನಾನು ಅವಿತುಕೊಂಡೆ.

ನಮ್ಮ ಊರು ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಯ ಪಕ್ಕ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟಕ್ಕೂ ಮನೆಗೂ ನಡುವೆ ಹುಳುಮನೆ. ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಆ ಹುಳುವಿಗೆ ತಂಬಾಕು ಎಂದರೆ ಯಮ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಹಾಕಿದರೆ ಸಾಕು, ಹುಳು ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ಸಾಯುತ್ತದೆ. ಆದ್ದರಿಂದ ಸೇದುವವರನ್ನು ಯಾವ ಮನೆಯವರೂ ಒಳಗೆ ಬಿಡುವುದಿಲ್ಲ. ಬೇರೆಯವರು ಬಾಗಿಲಲ್ಲಿ ಕೇಳಿ ಬಿಡುತ್ತಾರೆ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಕೇಳುತ್ತಿರಲಿಲ್ಲ. “ಮನುಷ್ಯರನ್ನ ಏನು ಕೇಳೋದು, ಹುಳನ್ನೇ ಕೇಳಿದ್ರಾಯ್ತು” ಎನ್ನುತ್ತಿದ್ದಳು.

ಪ್ರತಿ ಬೆಳೆಯಲ್ಲೂ ಕೆಲವು ಹುಳುಗಳು ಹಿಂದುಳಿಯುತ್ತವೆ. ಉಳಿದವು ‘ಜ್ವರ’ ಎಂದು ಕರೆಯುವ ನಿದ್ದೆಗೆ ಕೂತು ಪೊರೆ ಬಿಟ್ಟು ಬೆಳೆಯುತ್ತ ಹೋದರೆ ಇವು ಸಣ್ಣಗೇ ಉಳಿದುಬಿಡುತ್ತವೆ. ಎಲ್ಲರೂ ಅವನ್ನು ಗುಂಡಿಗೆ ಸುರಿಯುತ್ತಾರೆ. ಅಜ್ಜಿ ಮಾತ್ರ ಒಂದಿಷ್ಟನ್ನು ಮೊರದಲ್ಲಿ ಹಾಕಿ, ನಾಲ್ಕು ಎಲೆ ಕೊಟ್ಟು, ಹುಳುಮನೆಯ ಹೊಸ್ತಿಲ ಹೊರಗೆ ಇಟ್ಟುಕೊಳ್ಳುತ್ತಿದ್ದಳು. ಬಂದವರು ಯಾರೇ ಆಗಲಿ, “ಚೆಯ್ಯಿ ಚಾಪು” ಎನ್ನುವಳು. ಕೈ ಚಾಚು ಎಂದು ಅರ್ಥ. ನಮ್ಮ ಕಡೆ ಮನೆಮಾತು ಕನ್ನಡವೇ ಆದರೂ ಬೈಯುವುದಕ್ಕೆ, ಮುದ್ದಿಸುವುದಕ್ಕೆ ಮತ್ತು ತೀರ್ಪು ಹೇಳುವುದಕ್ಕೆ ತೆಲುಗೇ ಆಗಬೇಕು. ಚಾಚಿದ ಅಂಗೈ ಮೇಲೆ ಒಂದು ಹುಳುವನ್ನು ಬಿಟ್ಟು, ನೂರು ಎಣಿಸುವಷ್ಟು ಹೊತ್ತು ಅಜ್ಜಿ ಸುಮ್ಮನೆ ನೋಡುವಳು. ಹುಳು ಎಲೆ ಹುಡುಕುತ್ತ ಹರಿದರೆ ಒಳಗೆ. ತಲೆಯೆತ್ತಿ ನಡುಗಿದರೆ ಹೊರಗೆ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ನನ್ನ ಅಕ್ಕನನ್ನು ನೋಡಲು ಬಂದಿದ್ದ ಬೀಗರು, ಜರಿಯಂಚಿನ ಪಂಚೆಯ ಗಂಭೀರ ಹಿರಿಯರು, ತಮಗೆ ಯಾವ ಚಟವೂ ಇಲ್ಲವೆಂದು ಹೇಳಿ ಹುಳುಮನೆ ನೋಡಲು ಎದ್ದರು. ಅವರ ಅಂಗೈ ಮೇಲೆ ಹುಳು ಎಪ್ಪತ್ತನ್ನೂ ದಾಟಲಿಲ್ಲ. ಸಂಬಂಧ ಮುರಿಯಿತೆಂದೇ ನಾವು ತಿಳಿದೆವು. ಅಜ್ಜಿ ಮಾತ್ರ, ಅವರು ಬಾಯಲ್ಲಿ ಏನೇ ಹೇಳಿದರೂ ಕೈ ಬಚ್ಚಿಡಲಿಲ್ಲ, ಒಳ್ಳೆಯ ಜನ ಎಂದು ಹೇಳಿ ಮದುವೆಗೆ ಒಪ್ಪಿಬಿಟ್ಟಳು.

ಈ ಕಾನೂನಿಗೆ ಮನೆಯಲ್ಲಿ ಇದ್ದ ವಿನಾಯಿತಿ ಒಂದೇ. ಅದು ನನಗೆ. ಓದಿದ ಹುಡುಗ, ಅವನ ಕೈ ಏನು ನೋಡುವುದು ಎಂದು ಅಜ್ಜಿ ನನ್ನನ್ನು ನೇರವಾಗಿ ಒಳಗೆ ಬಿಡುತ್ತಿದ್ದಳು.

ಈ ಕಾನೂನಿನಿಂದ ಗಡೀಪಾರಾದವರಲ್ಲಿ ಮುಖ್ಯರು ನನ್ನ ಚಿಕ್ಕಪ್ಪ, ಅಜ್ಜಿಯ ಕಿರಿಯ ಮಗ ರಾಮಾಂಜಿನಪ್ಪ. ಚಿಂತಾಮಣಿಯಲ್ಲಿ ಪಂಪ್‌ಸೆಟ್ ಮೋಟಾರ್‌ಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಅವರದು. ಏಳನೇ ತರಗತಿಗೆ ಶಾಲೆ ಬಿಟ್ಟವರು; ಹದಿನಾರಕ್ಕೆ ಬೀಡಿ ಹಿಡಿದವರು. ಹಿಡಿದಂದಿನಿಂದ ಅವರು ಸ್ವಂತ ಮನೆಯ ಹುಳುಮನೆಯ ಹೊಸ್ತಿಲನ್ನು ದಾಟಿರಲಿಲ್ಲ. ಕಿಟಕಿಯ ಹೊರಗೆ ಒಂದು ಒಡೆದ ಬೀಸುವ ಕಲ್ಲು ಬಿದ್ದಿತ್ತು. ಬೆಳೆಯ ಕಾಲದಲ್ಲಿ ಅದೇ ಅವರ ಪೀಠ. ಚಳಿಗಾಲದಲ್ಲಿ ಒಳಗಿನ ಹೀಟರ್ ಕೆಟ್ಟರೆ ಅವರು ಆ ಕಲ್ಲಿನ ಮೇಲೆ ಕೂತು ಕಿಟಕಿಯ ಮೂಲಕ ನಿರ್ದೇಶನ ಕೊಡುವರು, ಒಳಗೆ ನಾನು ರಿಪೇರಿ ಮಾಡಬೇಕು. ಭೌತಶಾಸ್ತ್ರವನ್ನು ಐಚ್ಛಿಕವಾಗಿ ಓದಿದ ನಾನು ಯಾವ ತಂತಿ ಮುಟ್ಟಬೇಕೆಂದು ತಿಳಿಯದೆ ಟೆಸ್ಟರ್ ಹಿಡಿದು ನಿಂತಾಗ, “ಕೆಂಪುದು ಬಿಡಪ್ಪ, ನೀನು ಓದ್ದೋನು ಅಂತ ಅದಕ್ಕೆ ಗೊತ್ತಾಗಲ್ಲ” ಎಂದು ಹೊರಗಿನಿಂದ ಧ್ವನಿ ಬರುತ್ತಿತ್ತು.

ಹುಳು ಸಾಕುವ ಮನೆಯಲ್ಲಿ ಹಬ್ಬವೆಂದರೆ ಹುಳು ಹಣ್ಣಾಗುವ ದಿನ. ಮೈ ಹಳದಿ ತಿರುಗಿ, ಎಲೆ ಮುಟ್ಟದೆ, ಗೂಡು ಕಟ್ಟಲು ಜಾಗ ಹುಡುಕತೊಡಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಂಕಿಗೆ ಬಿಡಬೇಕು. ಎಷ್ಟು ಕೈಗಳಿದ್ದರೂ ಸಾಲದು. ನೆಂಟರು, ನೆರೆಯವರು ಎಲ್ಲರೂ ಸಾಲಾಗಿ ಕೂತು ಆರಿಸುತ್ತಾರೆ, ಊರಿನ ಒಂದು ವರ್ಷದ ಸುದ್ದಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಚಿಕ್ಕಪ್ಪ ಆ ನಗುವನ್ನು ಕಲ್ಲಿನ ಮೇಲೆ ಕೂತು ಕೇಳುತ್ತಿದ್ದರು.

ಆ ವರ್ಷ ಅಜ್ಜಿಯ ಕಣ್ಣು ಮಂಜಾಗತೊಡಗಿತ್ತು. ಹಣ್ಣುಹುಳುವನ್ನೂ ಹಸಿಹುಳುವನ್ನೂ ಬೆರಳ ಸ್ಪರ್ಶದಿಂದ ತಿಳಿಯುತ್ತಿದ್ದಳು. ಇದೊಂದು ಬೆಳೆ, ಹೆಚ್ಚೆಂದರೆ ಇನ್ನೊಂದು, ಆಮೇಲೆ ಸಾಕು ಎಂದಿದ್ದಳು. ಅದನ್ನು ಕೇಳಿದ ಚಿಕ್ಕಪ್ಪ ಒಂದು ಭಾನುವಾರ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದರು:

“ಅವ್ವ ಕೈಬಿಡೋದ್ರೊಳಗೆ ಒಂದ್ಸಲ ಅವಳ ಪಕ್ಕ ಕೂತು ಹಣ್ಣುಹುಳ ಆರಿಸ್ಬೇಕು ಕಣೋ ಮಂಜಪ್ಪ. ಬೀಡಿ ಬಿಡಣ ಅಂತೀನಿ. ಬಿಡಕ್ಕೆ ಆಗ್ತಿಲ್ಲ.”

ಮೊಟ್ಟೆಯೊಡೆದ ಹುಳು ಅಜ್ಜಿಯ ತಟ್ಟೆಗೆ ಬಂದು ಮೂರು ದಿನವಾಗಿತ್ತು. ಹಣ್ಣಾಗಲು ಇನ್ನು ಮೂರೂವರೆ ವಾರ.

ಸರಿಯಾಗಿ ಅದೇ ವಾರ ಗೌರಿಬಿದನೂರಿನಲ್ಲಿ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಗೆಳೆಯನಿಗೆ ಮದುವೆ ನಿಶ್ಚಯವಾಯಿತು. ಅವನು ತನ್ನ ವೇಪನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗಿತ್ತು, ಮದುವೆಯಾಗುವವರೆಗೆ ಇಟ್ಟುಕೋ ಎಂದ. ಗಂಟಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬ, ಕೂದಲಿನಂಥ ತಂತಿಯ ಒಂದು ರೀಲು, ಒಂದಿಷ್ಟು ಹತ್ತಿ, ಮಾವಿನಹಣ್ಣಿನ ಚಿತ್ರವಿದ್ದ ಒಂದು ಬಾಟಲಿ. ಒಳಗಿನ ಕಾಯಿಲ್ ಸುಟ್ಟಿತ್ತು. ಬೀಡಿ ಬಿಡುವವರಿಗೆ ಇದು ಊರುಗೋಲಾಗುತ್ತದೆಂದು ಎಲ್ಲೋ ಓದಿದ್ದೆ. ಮುಂದಿನ ಭಾನುವಾರವೇ ಚಿಂತಾಮಣಿಗೆ ಒಯ್ದೆ.

ಚಿಕ್ಕಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಹೊಗೆಸೊಪ್ಪು ಇದೆಯೇ ಎಂದು ಕೇಳಿದರು.

ಬಾಟಲಿಯ ಹಿಂದಿನ ಚಿಕ್ಕ ಅಕ್ಷರಗಳನ್ನು ನಾನು ಬಸ್ಸಿನಲ್ಲಿ ಓದಿಕೊಂಡೇ ಬಂದಿದ್ದೆ. ಹೆಚ್ಚಿನವು ಅರ್ಥವಾಗಿರಲಿಲ್ಲ, ‘ನಿಕೋಟಿನ್’ ಎಂಬ ಒಂದು ಪದ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ಹೊಗೆಸೊಪ್ಪಿನ ವಿಷವೇ ಅದು. ಆದರೆ ಚಿಕ್ಕಪ್ಪನ ಮುಖದಲ್ಲಿ ಮೂವತ್ತು ವರ್ಷ ಮುಚ್ಚಿದ್ದ ಬಾಗಿಲೊಂದು ಅರ್ಧ ತೆರೆದಿತ್ತು. “ಹೊಗೆಸೊಪ್ಪು ಇಲ್ಲ” ಎಂದೆ. ಸೊಪ್ಪು ಇರಲಿಲ್ಲವಲ್ಲ! ಮಾತು ಅಕ್ಷರಶಃ ಸರಿಯಾಗಿತ್ತು.

ಅವರು ಮೊದಲು ಕೇಳಿದ್ದು ಸುಟ್ಟ ಕಾಯಿಲನ್ನು. ಕಸದ ಬುಟ್ಟಿಗೆ ಹಾಕಿ ಬಂದೆನೆಂದೆ. ಕೈಯಲ್ಲಿದ್ದ ಕತ್ತರಿಯನ್ನು ಅವರು ಕೆಳಗಿಟ್ಟರು.

“ಎಣಿಸ್ದೆ ಬಿಸಾಕಿದ್ಯಾ?”

ವೈಂಡಿಂಗ್ ಅಂಗಡಿಗಳಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲವಂತೆ. ಸುಟ್ಟ ಮೋಟಾರ್ ಬಂದರೆ ಮೊದಲು ಅದರ ಹಳೆಯ ತಂತಿಯನ್ನು ಬಿಚ್ಚಿ ಸುತ್ತುಗಳನ್ನು ಎಣಿಸಬೇಕು. ಎಣಿಸಿದಷ್ಟನ್ನೇ ಹೊಸದರಲ್ಲಿ ಹಾಕಬೇಕು. ಸುಟ್ಟದ್ದೇ ಪಠ್ಯಪುಸ್ತಕ. ನಾನು ಪಠ್ಯಪುಸ್ತಕವನ್ನೇ ಕಸಕ್ಕೆ ಹಾಕಿ ಬಂದ ಪದವೀಧರ. ನನ್ನ ಮರ್ಯಾದೆಯನ್ನು ಉಳಿಸಿಕೊಳ್ಳಲು, ಎಣಿಸುವುದು ಬೇಕಿಲ್ಲ, ಸೂತ್ರದಿಂದ ಕಂಡುಹಿಡಿಯಬಹುದು ಎಂದು ಘೋಷಿಸಿದೆ.

ಡಬ್ಬಕ್ಕೆ ಅದರದೇ ಮಿತಿಗಳಿದ್ದವು. ನಲವತ್ತು ವಾಟ್‌ಗಿಂತ ಹೆಚ್ಚು ಕೊಡದು. ಕಾಯಿಲ್‌ನ ರೋಧ ಅರ್ಧ ಓಮ್‌ಗಿಂತ ಕಡಿಮೆಯಿದ್ದರೆ ಉರಿಯಲೇ ಒಪ್ಪದು; ಒಳಗಿನ ಚಿಪ್ ಅಳೆದು ನೋಡಿ, ತನಗೆ ಅಪಾಯವೆನಿಸಿದರೆ ಪರದೆಯ ಮೇಲೆ ಹೇಳಿ ಕೈಕಟ್ಟಿ ಕೂರುತ್ತದೆ. ನಮಗೆ ಬೇಕಾದದ್ದು ಹನ್ನೆರಡು ವಾಟ್, ಬ್ಯಾಟರಿ ಕೊಡುವುದು ನಾಲ್ಕು ವೋಲ್ಟ್. ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ, ಒಂದೂ ಮುಕ್ಕಾಲು ಸುತ್ತು ಸಾಕು ಎಂದು ತಿಳಿಸಿದೆ.

“ಮುಕ್ಕಾಲು ಸುತ್ತು ಎಲ್ಲಪ್ಪ ಹಾಕ್ತಾರೆ? ದೇವಸ್ಥಾನದಲ್ಲೂ ಮೂರು ಹಾಕ್ತಾರೆ.”

ಅವರು ನನ್ನ ಸೂತ್ರವನ್ನು ಬದಿಗಿಟ್ಟು, ನಂಬಿಕಸ್ಥ ತಂತಿಯೆಂದು ಒಂದು ಹಳೆಯ ವಿದ್ಯುತ್ ಒಲೆಯ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ಟೆಸ್ಟರಿನ ಕಡ್ಡಿಗೆ ಆರು ಸುತ್ತು ಸುತ್ತಿದರು. ಕೆಲಸವೇನೋ ಬಹಳ ಅಂದವಾಗಿತ್ತು. ಡಬ್ಬಕ್ಕೆ ಹಾಕಿ ಗುಂಡಿ ಒತ್ತಿದರೆ ಪರದೆಯಲ್ಲಿ ಏನೋ ಮೂಡಿತು. ಏನಂತೆ ಎಂದರು. ‘ಲೋ ಓಮ್ಸ್’ ಅನ್ನುತ್ತಿದೆ ಎಂದೆ.

“ನನಗೇ ‘ಲೋ’ ಅಂತದಾ ಇದು?” ಎಂದು ಚಿಕ್ಕಪ್ಪ ಡಬ್ಬವನ್ನು ದುರುಗುಟ್ಟಿ ನೋಡಿದರು. ಮೂವತ್ತು ಎಚ್‌ಪಿ ಮೋಟಾರನ್ನು ಎಬ್ಬಿಸಿ ಕೂರಿಸಿದ ಮನುಷ್ಯ. ಬೆಂಕಿಪೊಟ್ಟಣದಂಥದ್ದು ಅವರ ವೈಂಡಿಂಗನ್ನು ತಿರಸ್ಕರಿಸಿತ್ತು.

ದಪ್ಪ ತಂತಿಯಲ್ಲಿ ರೋಧ ಕಡಿಮೆ ಎಂದು ನಾನು ವಿವರಿಸಿದೆ. ಸರಿ, ಗಂಟಿನಲ್ಲಿದ್ದ ಸಣ್ಣ ತಂತಿಯನ್ನೇ ತೆಗೆದರು. ಆದರೆ ಅದು ತೀರ ಸಣ್ಣದೆಂದು, ಮೋಟಾರ್‌ಗೆ ಮಾಡುವಂತೆ ಎರಡು ಎಳೆ ಜೋಡಿಸಿ ಐದು ಸುತ್ತು ಹಾಕಿದರು. ಎರಡು ಎಳೆಯೆಂದರೆ ಕರೆಂಟಿಗೆ ಎರಡು ದಾರಿ, ರೋಧ ಅರ್ಧ. ಡಬ್ಬ ಮತ್ತೆ ‘ಲೋ’ ಎಂದಿತು. ಮೂರನೆಯ ಸಲ ಹಟಕ್ಕೆ ಬಿದ್ದು ಒಂದೇ ಎಳೆಯಲ್ಲಿ ಹದಿನೈದು ಸುತ್ತು ಹಾಕಿದರು. ಈಗ ಡಬ್ಬ ಬೈಯಲಿಲ್ಲ. ಆದರೆ ರೋಧ ವಿಪರೀತವಾಗಿ, ಇದ್ದ ವೋಲ್ಟೇಜಿನಲ್ಲಿ ಸುರುಳಿ ಹಸಿ ಸೌದೆಯ ಒಲೆಯಂತೆ ಮುನಿಸಿಕೊಂಡು ಕೂತಿತು. ಎಷ್ಟು ಎಳೆದರೂ ಆವಿಯ ಸುಳಿವಿಲ್ಲ.

ಆಗ ನಾನು ಲೆಕ್ಕ ಹಾಕಿದ್ದ ಬಿಲ್ಲಿನ ಹಿಂಬದಿ ಕಣ್ಣಿಗೆ ಬಿತ್ತು. ಶಕ್ತಿಯೆಂದರೆ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಬೇಕು. ನಾನು ವರ್ಗ ಮಾಡುವುದನ್ನೇ ಮರೆತಿದ್ದೆ. ಎರಡನೇ ವರ್ಷದ ಪರೀಕ್ಷೆಯಲ್ಲಿಯೂ ಇದೇ ಎಡವಟ್ಟನ್ನು ಮಾಡಿದ್ದೆನೆಂಬುದು ನನ್ನ ಮತ್ತು ನಿಮ್ಮ ನಡುವೆ ಇರಲಿ. ನಾಲ್ಕು ನಾಲ್ಕಲಿ ಹದಿನಾರು, ಹನ್ನೆರಡರಿಂದ ಭಾಗಿಸಿದರೆ ಒಂದೂಕಾಲಿಗಿಂತ ತುಸು ಹೆಚ್ಚು ಓಮ್. ಆ ತಂತಿಯಲ್ಲಿ ಸರಿಯಾಗಿ ಏಳು ಸುತ್ತು. ಹೇಳಲು ನಾಚಿಕೆಯಾಗಿ ಕೆಮ್ಮುತ್ತಿರುವಾಗಲೇ, ಚಿಕ್ಕಪ್ಪ ಆರಕ್ಕೂ ಹದಿನೈದಕ್ಕೂ ನಡುವೆ ಕೈಗೆ ತೋಚಿದಂತೆ ಸುತ್ತಿ ಮುಗಿಸಿದ್ದರು. ಎಣಿಸಿದೆ. ಏಳು.

“ನಿನ್ನ ಸೂತ್ರದಲ್ಲಿ ಎಷ್ಟು ಬಂತು?” ಎಂದು ಕೇಳಿದರು. ಏಳೇ ಬಂತೆಂದೆ. “ಪರ್ವಾಗಿಲ್ವೇ, ಚೆನ್ನಾಗಿ ಓದ್ಸಿದಾರೆ” ಎಂದು ಮೆಚ್ಚಿಕೊಂಡರು.

ಏಳು ಸುತ್ತಿನ ಕಾಯಿಲ್ ಕ್ಷಣಾರ್ಧದಲ್ಲಿ ಕೆಂಪಗಾಯಿತು. ಹತ್ತಿ ತೂರಿಸಿ, ದ್ರವ ಹನಿಸಿ ಎಳೆದರೆ ಅಂಗಡಿಯ ತುಂಬ ಮಾವಿನ ತೋಪು. ಪ್ರತಿ ಕಾಯಿಲನ್ನೂ ಪರೀಕ್ಷಿಸುವ ಹೊಣೆ ಶಿಕ್ಷಿತನಾದ ನನ್ನ ಮೇಲೆಯೇ ಬಿತ್ತು. ಒಂದೊಂದಕ್ಕೆ ಮೂರು ಸಲ ಎಳೆಯುತ್ತಿದ್ದೆ, ಕೇವಲ ಪರೀಕ್ಷೆಗಾಗಿ. ಮುಂದಿನ ಭಾನುವಾರ ಪರೀಕ್ಷೆಗಳ ಸಂಖ್ಯೆ ತುಸು ಹೆಚ್ಚಿರಬಹುದು. ವಿಜ್ಞಾನದಲ್ಲಿ ಪುನರಾವರ್ತನೆ ಮುಖ್ಯವೆಂದು ನಮಗೆ ಕಲಿಸಿದ್ದರು.

ಬೀಡಿಯ ಕಟ್ಟು ಚಿಕ್ಕಪ್ಪನ ಜೇಬಿನಿಂದ ಮಾಯವಾಯಿತು. ಮೋಟಾರ್ ತರುವ ರೈತರು ಅಂಗಡಿಗೆ ಕಾಲಿಟ್ಟೊಡನೆ ಮೂಗರಳಿಸಿ, ಚಳಿಗಾಲದಲ್ಲಿ ಎಲ್ಲಿಂದ ತಂದೆಯಪ್ಪ ಹಣ್ಣು ಎಂದು ಕೇಳುತ್ತಿದ್ದರು. ಚಿಕ್ಕಮ್ಮ ಯಾರಿಗಾಗಿ ಈ ತಲೆಗೆಣ್ಣೆ ಹಚ್ಚುತ್ತಿದ್ದೀರೆಂದು ಕೇಳಿ ಎರಡು ದಿನ ಮಾತುಬಿಟ್ಟಿದ್ದರಂತೆ. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಗೌರಿಬಿದನೂರಿನ ಕಚೇರಿಯಲ್ಲಿ ಕಡತಗಳ ನಡುವೆ ದಿನ ಎಣಿಸುತ್ತಿದ್ದೆ. ಹುಳು ಎರಡನೇ ಜ್ವರಕ್ಕೆ ಕೂತಿರಬಹುದು, ಮೂರನೆಯದರಿಂದ ಎದ್ದಿರಬಹುದು. ಬೀಡಿಯ ನಾತವನ್ನು ಹಿಡಿಯುವ ಅಜ್ಜಿಯ ಮೂಗು ಮಾವನ್ನು ಹಿಡಿಯುವುದೇ? ಮಂಜಾದ ಕಣ್ಣು ಹುಳುವಿನ ನಡುಕವನ್ನು ಕಾಣುವುದೇ? ಅವಳು ಕಾಣದೆ ಬಿಟ್ಟುಬಿಟ್ಟರೆ, ಆ ಕೈ ಇಡೀ ದಿನ ಸಾವಿರಾರು ಹಣ್ಣುಹುಳುಗಳನ್ನು ಮುಟ್ಟುತ್ತದೆ. ಅಜ್ಜಿಯ ಕೊನೆಯ ಬೆಳೆಯೋ ಏನೋ ಅದು, ನನ್ನ ಒಂದು ಸರಿಯಾದ ವಾಕ್ಯದಿಂದ ಹಾಳಾಗುತ್ತದೆ. ಫೋನ್ ಮಾಡಿ ಹೇಳಿಬಿಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ. ಪ್ರತಿ ಸಲವೂ ಊಟವಾಯಿತೇ ಎಂದು ಕೇಳಿ ಇಟ್ಟೆ.

ಹುಳು ಹಣ್ಣಾಯಿತೆಂದು ಸುದ್ದಿ ಬಂತು. ಬೆಳಗಿನ ಬಸ್ಸಿಗೆ ಹೊರಟು ಚಿಂತಾಮಣಿಯಲ್ಲಿಳಿದೆ. ಚಿಕ್ಕಪ್ಪ ಆಗಲೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಂಗಡಿಯ ಮುಂದೆ ನಿಂತಿದ್ದರು. ಡಬ್ಬವನ್ನು ನನ್ನ ಕೈಗಿತ್ತು, ಸರಿಯಿದೆಯೇ ನೋಡಿ ನೀನೇ ಇಟ್ಟುಕೋ ಎಂದರು. ನೋಡುವುದೆಂದರೆ ಪರೀಕ್ಷಿಸುವುದು. ಅಂಗಡಿಯ ಹಿಂದಿನ ನೀರಿನ ಡ್ರಮ್ಮಿನ ಬಳಿ ನಿಂತು ಪರೀಕ್ಷಿಸಿದೆ. ಮುಚ್ಚಳ ಸಡಿಲವಾಗಿದ್ದು ದ್ರವ ಬೆರಳಿಗೆಲ್ಲ ಸೋರಿತು. ಕೈ ತೊಳೆದು, ಕರವಸ್ತ್ರಕ್ಕೆ ಒರೆಸಿಕೊಂಡು, ಬೈಕಿನ ಹಿಂದೆ ಕೂತೆ. ಊರು ಬರುವವರೆಗೂ ಮಾವಿನ ವಾಸನೆ ಮೂಗಿಗೆ ಬಡಿಯುತ್ತಲೇ ಇತ್ತು. ಈ ಮನುಷ್ಯ ಇವತ್ತು ಬೆಳಿಗ್ಗೆಯೂ ಎಳೆದಿದ್ದಾರೆ ಎಂದು ಅವರ ಬಿಳಿ ಅಂಗಿಯ ಬೆನ್ನನ್ನು ನೋಡುತ್ತ ತೀರ್ಮಾನಿಸಿದೆ.

ಹುಳುಮನೆಯ ಮುಂದೆ ಚಂದ್ರಂಕಿಗಳನ್ನು ಗೋಡೆಗೆ ಒರಗಿಸಿದ್ದರು. ನೆಂಟರೆಲ್ಲ ಪರೀಕ್ಷೆ ಮುಗಿಸಿ ಒಳಗೆ ಸೇರಿ ಆಗಿತ್ತು. ಅಜ್ಜಿ ಮೊರ ಇಟ್ಟುಕೊಂಡು ಹೊಸ್ತಿಲ ಬಳಿ ಕೂತಿದ್ದಳು. ಚಿಕ್ಕಪ್ಪ ಚಪ್ಪಲಿ ಬಿಟ್ಟು, ಕಲ್ಲಿನ ಕಡೆ ಹೋಗದೆ, ನೇರವಾಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಅಜ್ಜಿ ಮೂಗನ್ನು ಗಾಳಿಗೆ ಹಿಡಿದಳು. “ಬೀಡಿ ನಾತ ಇಲ್ಲ. ಮಾಘದಲ್ಲಿ ಮಾವಿನಹಣ್ಣು ಎಲ್ಲಿಂದ ಬಂತು?” ಎಂದಳು. ಆಮೇಲೆ “ಚೆಯ್ಯಿ ಚಾಪು” ಎಂದಳು. ಚಿಕ್ಕಪ್ಪ ಕೈ ಚಾಚಿದರು. ಅವಳ ಬೆರಳು ಮೊರದಲ್ಲಿ ಹುಳುವಿಗಾಗಿ ತಡಕಾಡಿತು, ಮೊದಲನೆಯ ಸಲಕ್ಕೆ ಸಿಗಲಿಲ್ಲ. ಆ ತಡಕಾಟವನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ದಯವಿಟ್ಟು ಒಂದು ನಿಮಿಷ ತಡೆಯಬೇಕು” ಎಂದೆ. ಅಲ್ಲಿಂದ ಮುಂದೆ ನಾನು ಆಡಿದ್ದು ಭಾಷಣವೋ ಹೇಳಿಕೆಯೋ ತಿಳಿಯದು. ಬಾಟಲಿಯಲ್ಲಿ ನಿಕೋಟಿನ್ ಇದೆ, ಅದು ಹೊಗೆಸೊಪ್ಪಿನ ವಿಷ, ಚಿಕ್ಕಪ್ಪನಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು, ಹೊಗೆಸೊಪ್ಪು ಇಲ್ಲವೆಂದು ಹೇಳಿದ್ದು ನಾನೇ. ಇಷ್ಟನ್ನು ಹೇಳಿ ಮುಗಿಸಿದಾಗ ನನ್ನ ಮಾತಿನಲ್ಲಿ ವಿಭಕ್ತಿ ಪ್ರತ್ಯಯಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಚಿಕ್ಕಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಗೊತ್ತು ಕಣೋ. ನೀನು ಬಾಟ್ಲಿ ಓದ್ದೆ, ನಾನು ಹುಳನ್ನ ಕೇಳ್ದೆ.”

ಡಬ್ಬ ಬಂದ ಎರಡನೆಯ ವಾರವೇ ಅವರು, ಮನೆಯವರು ಗುಂಡಿಗೆ ಸುರಿದಿದ್ದ ಹಿಂದುಳಿದ ಹುಳುಗಳಲ್ಲಿ ನಾಲ್ಕನ್ನು ಬೆಂಕಿಪೊಟ್ಟಣದಲ್ಲಿ ಅಂಗಡಿಗೆ ಒಯ್ದು, ಡಬ್ಬ ಎಳೆದ ಕೈ ಮೇಲೆ ಬಿಟ್ಟು ನೋಡಿದ್ದರಂತೆ. ನಾಲ್ಕೂ ಕಕ್ಕಿದವು. ಅಂದಿನಿಂದ ಬೀಡಿಯೂ ಇಲ್ಲ, ಡಬ್ಬವೂ ಇಲ್ಲ. ಹತ್ತು ದಿನ. ಹೇಗೆ ಬಿಟ್ಟೆ ಎಂದು ಒಳಗಿನಿಂದ ಯಾರೋ ಕೇಳಿದರು. ಚಿಕ್ಕಪ್ಪ ಎಡಗೈಯಲ್ಲಿ ಅಂಗಿಯ ಜೇಬಿನಿಂದ ಒಂದು ಸುಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ತುಂಬ ಕಾಯಿಲ್‌ಗಳು. ಸೇದಬೇಕೆಂದು ಬಾಯಿ ಒಣಗಿದಾಗಲೆಲ್ಲ ಆ ಸಣ್ಣ ತಂತಿ ತೆಗೆದು ಒಂದು ಕಾಯಿಲ್ ಸುತ್ತುತ್ತಿದ್ದರು. ಏಳು ಸುತ್ತು ಒಂದರ ಪಕ್ಕ ಒಂದು ಅಂಟುವಂತೆ ಕೂರಿಸುವುದರೊಳಗೆ ಆ ಗಳಿಗೆ ದಾಟಿಹೋಗುತ್ತಿತ್ತಂತೆ.

“ದಾಟ್ದೇ ಇದ್ರೆ ಇನ್ನೊಂದು ಸುತ್ತೋದು” ಎಂದರು.

ಅಜ್ಜಿಗೆ ಹುಳು ಸಿಕ್ಕಿತು. ಅವರ ಅಂಗೈ ಮೇಲೆ ಬಿಟ್ಟಳು. ತಂತಿ ಕೊಯ್ದು ಗೀರು ಬಿದ್ದಿದ್ದ ಆ ಒರಟು ಅಂಗೈ ಮೇಲೆ ಹುಳು ಒಂದು ಕ್ಷಣ ನಿಂತಿತು. ಆಮೇಲೆ ಎಲೆ ಹುಡುಕುತ್ತ ಹೆಬ್ಬೆರಳ ಕಡೆ ನಿಧಾನವಾಗಿ ಹರಿಯಿತು. ಅಜ್ಜಿ ಬಾಗಿ, ಕಣ್ಣಿಗೆ ಅಂಟಿಸಿಕೊಂಡಂತೆ ನೋಡಿದಳು. ನೂರು ದಾಟಿದರೂ ನೋಡುತ್ತಲೇ ಇದ್ದಳು. ಕೊನೆಗೆ ಹುಳುವನ್ನು ಎತ್ತಿಕೊಂಡು, “ಲೋಪಲಿಕಿ ಪೋ ನಾಯನಾ” ಎಂದಳು. ಒಳಗೆ ಹೋಗಪ್ಪ ಎಂದು. ಚಿಕ್ಕಪ್ಪ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ನಾನೂ ಒಂದು ಚಂದ್ರಂಕಿಯನ್ನು ಎತ್ತಿಕೊಂಡು ಅವರ ಹಿಂದೆಯೇ ಹೆಜ್ಜೆ ಹಾಕಿದೆ. ಅಜ್ಜಿ ಮೊರವನ್ನು ಅಡ್ಡ ಹಿಡಿದಳು.

“ಅವನು ಒಳಗೆ ಹೋದ. ಮಾವಿನ ವಾಸನೆ ಇಲ್ಲೇ ಇದೆಯಲ್ಲ?”

ನಾನು ಚಂದ್ರಂಕಿಯನ್ನು ಗೋಡೆಗೆ ಒರಗಿಸಿದೆ.

“ಚೆಯ್ಯಿ ಚಾಪು” ಎಂದಳು ಅಜ್ಜಿ.

ಇಪ್ಪತ್ತೈದು ವರ್ಷ ಯಾರೂ ಕೇಳದಿದ್ದ ಕೈಯನ್ನು ಚಾಚಿದೆ. ಹುಳು ಮೂವತ್ತರವರೆಗೆ ಮರ್ಯಾದೆಯಿಂದ ಕೂತಿತ್ತು. ಆಮೇಲೆ ತಲೆಯೆತ್ತಿ, ಇಲ್ಲ ಇಲ್ಲ ಎನ್ನುವಂತೆ ಅತ್ತಿತ್ತ ಆಡಿಸಿ, ವಿಶ್ವವಿದ್ಯಾಲಯದ ಪದವೀಧರನ ಅಂಗೈ ಮೇಲೆ ಒಂದು ಹಸಿರು ಹನಿಯನ್ನು ಬಿಟ್ಟಿತು. ಅದು ಕೇವಲ ಪರೀಕ್ಷೆಗಾಗಿ ಎಂದು ವಿವರಿಸಲು ಬಾಯಿ ತೆರೆದೆ. ಒಳಗೆ ಎದ್ದ ನಗು ಅಂಬಾಜಿದುರ್ಗದ ಬೆಟ್ಟದವರೆಗೆ ಕೇಳಿಸಿರಬೇಕು.

ಒಡೆದ ಬೀಸುವ ಕಲ್ಲು ನಾನು ತಿಳಿದಿದ್ದಕ್ಕಿಂತ ತಣ್ಣಗಿತ್ತು. ಕಿಟಕಿಯಿಂದ ನೋಡಿದರೆ ಅಜ್ಜಿ ಒಳಗೆ ಹೋಗಿ ಚಿಕ್ಕಪ್ಪನ ಪಕ್ಕದಲ್ಲಿ ಕೂತಿದ್ದಳು. ಅವಳು ಹುಳುವನ್ನು ಮುಟ್ಟಿ ಹೇಳುತ್ತಿದ್ದಳು, ಅವರು ಎತ್ತಿ ಬಿಡುತ್ತಿದ್ದರು. ಕೂದಲೆಳೆಯ ತಂತಿಗೆ ಪಳಗಿದ ಬೆರಳುಗಳಲ್ಲಿ ಒಂದು ಹುಳುವೂ ನಲುಗುತ್ತಿರಲಿಲ್ಲ. ಅವನ ಕೈ ಹತ್ತಿ ಹಂಗಿದೆ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದನೋ ಎಂದು ಅಜ್ಜಿ ಯಾರಿಗೋ ಹೇಳಿದ್ದು ಕೇಳಿಸಿತು. ಆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದಾಗ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಅಜ್ಜಿ ಹೇಳಿದಂತೆಯೇ ಇನ್ನೊಂದು ಬೆಳೆ ಮಾಡಿ ನಿಲ್ಲಿಸಿದಳು. ಆ ಬೆಳೆಯಲ್ಲಿಯೂ ಅವಳ ಪಕ್ಕದ ಜಾಗ ಚಿಕ್ಕಪ್ಪನದೇ.

ಹೆಂಡತಿಗೆ ಇದನ್ನೆಲ್ಲ ಹೇಳಿಬಿಡಬೇಕು. ಪೆನ್ನಿನ ಸ್ಪ್ರಿಂಗ್ ಎಂಬ ವಾಕ್ಯವನ್ನು ಹೆಚ್ಚು ದಿನ ನಿಲ್ಲಿಸಿಕೊಳ್ಳುವ ಶಕ್ತಿ ನನಗಿಲ್ಲ; ಅವಳು ಅಜ್ಜಿಯ ಮೊರವನ್ನು ನೋಡಿದವಳಲ್ಲವಾದರೂ ಅದೇ ಜಾತಿಯ ಕಣ್ಣುಳ್ಳವಳು. ಹೇಳುವಾಗ ಕೊನೆಯ ಭಾಗವನ್ನೂ ಬಿಡದೆ ಹೇಳಬೇಕು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಮೇಲೆ ಕೂತಿದ್ದ ನನ್ನ ಕೈ ತಾನಾಗಿಯೇ ಜೇಬಿನೊಳಗಿನ ಡಬ್ಬವನ್ನು ತಡವುತ್ತಿತ್ತು. ಮೂರು ಭಾನುವಾರದ ಪರೀಕ್ಷೆಯ ಫಲಿತಾಂಶ. ಕಿಟಕಿಯ ಸರಳಿನ ನಡುವಿನಿಂದ ಒಂದು ಗೇಣು ಸಣ್ಣ ತಂತಿಯೂ ಒಂದು ಟೆಸ್ಟರೂ ಹೊರಗೆ ಬಂದವು. ಹಿಂದೆಯೇ ಚಿಕ್ಕಪ್ಪನ ಮುಖ.

“ಎಣಿಸ್ತಾ ಸುತ್ತು” ಎಂದರು.

ಸುತ್ತಿದೆ. ತಂತಿ ಜಾರಿತು, ಬೆರಳಿಗೆ ಚುಚ್ಚಿತು, ಮತ್ತೆ ಬಿಚ್ಚಿ ಸುತ್ತಿದೆ. ಮುಗಿಸಿ ಕಿಟಕಿಗೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ. ಹುಳು ಮುಟ್ಟುವ ಕೈ. ಅಲ್ಲಿಂದಲೇ ಕಣ್ಣು ಕಿರಿದಾಗಿಸಿ ನೋಡಿದರು.

“ಎಂಟಾಗಿದೆ ಕಣಪ್ಪ. ಇರ್ಲಿ ಬಿಡು. ಇದನ್ನ ಯಾವ ಡಬ್ಬಕ್ಕೂ ಹಾಕ್ಬೇಕಾಗಿಲ್ಲ.”